ಸಂತೆಯಾಯಿತೆಂದು ಎದ್ದು ಹೋದವರಿಗೆ

ಹೊರನಾಡ ಕನ್ನಡಿಗರ ಸಭೆ ಸಮಾರಂಭಗಳಲ್ಲಿ ಈಚೆಗೆ ಒಂದು ಹೊಸ ಬಗೆಯ ವಿದಾಯದ ಮಾತು ಕೇಳಿಬರುತ್ತಿದೆ. ಹೇಳುವವರು ನೌಕರಿಯಿಂದ ನಿವೃತ್ತರಾಗುತ್ತಿರುವುದಿಲ್ಲ, ಊರು ಬಿಟ್ಟು ಹೋಗುತ್ತಿರುವುದೂ ಇಲ್ಲ. ಅವರು ಬಿಡುತ್ತಿರುವುದು ಫೇಸ್‌ಬುಕ್ಕನ್ನು, ವಾಟ್ಸಾಪ್ ಗುಂಪುಗಳನ್ನು, ಒಂದು ಕಾಲಕ್ಕೆ ಟ್ವಿಟರ್ ಎನ್ನಿಸಿಕೊಂಡಿದ್ದ ಎಕ್ಸನ್ನು. ಹೀಗೆ ಬಿಡುವವರು ನಿನ್ನೆ ಮೊನ್ನೆ ಅಲ್ಲಿಗೆ ಬಂದವರೇನೂ ಅಲ್ಲ. ಎಲ್ಲರಿಗಿಂತ ಮೊದಲು ಹೋದವರು, ನಮ್ಮಂಥವರನ್ನು ಕೈಹಿಡಿದು ಕರೆದೊಯ್ದವರು. ಕಳೆದ ತಿಂಗಳು ಮಾಟುಂಗಾದಲ್ಲಿ ಒಂದು ಪುಸ್ತಕ ಬಿಡುಗಡೆ ಮುಗಿಸಿ ಸ್ಟೇಷನ್ನಿನ ಕಡೆಗೆ ನಡೆಯುತ್ತಿದ್ದಾಗ ಅಂಥ ಹಿರಿಯ ಮಿತ್ರರೊಬ್ಬರು ಹೇಳಿದರು: “ಮೊದಲು ಎಂಥ ಚರ್ಚೆ ಆಗ್ತಿತ್ತು ಮಾರಾಯ್ರೇ! ಈಗ ಬರೀ ಸಂತೆ. ನಾನಂತೂ ಎದ್ದು ಬಂದೆ.”

ನಾನು ತಲೆಯಾಡಿಸಿದೆ. ಡೊಂಬಿವಲಿಯ ಲೋಕಲ್ ಹತ್ತಿ ಬಾಗಿಲ ಬಳಿ ನಿಂತ ಮೇಲೆ, ಹಾಗೆ ತಲೆಯಾಡಿಸಿದ್ದಕ್ಕೆ ನಾಚಿಕೆಯಾಯಿತು. ಈ ಬರಹ ಆ ನಾಚಿಕೆಯಿಂದ ಹುಟ್ಟಿದ್ದು. ನನ್ನ ವಾದ ಇಷ್ಟು: ಮೊದಲು ಬಂದವರು ಈಗ ಪಡುತ್ತಿರುವ ಬೇಸರದಲ್ಲಿ ಒಂದು ಪಾಲು ನ್ಯಾಯವಾದದ್ದು, ಆದರೆ ಅವರ ಆರೋಪಪಟ್ಟಿಯಲ್ಲಿ ತಪ್ಪು ಹೆಸರು ಬರೆಯಲಾಗಿದೆ. ತಡವಾಗಿ ಬಂದ ಜನ ಆ ಜಾಗವನ್ನು ಕೆಡಿಸಲಿಲ್ಲ. ಅವರನ್ನು ದೂರಿ ಎದ್ದು ಹೋಗುವುದನ್ನು ನಾವು ಅಭಿರುಚಿ ಎಂದು ಕರೆದುಕೊಳ್ಳುತ್ತಿದ್ದೇವೆ. ಕನ್ನಡದ ಮಟ್ಟಿಗೆ ಅದು ಹೊಣೆಯಿಂದ ನುಣುಚಿಕೊಳ್ಳುವುದೇ ಆಗಿದೆ.

ಮೊದಲಿಗೆ, ಹಳೆಯ ದಿನಗಳಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. 2004ರ ಜನವರಿಯಲ್ಲಿ ಆರ್ಕುಟ್ ಬಂತು. ಒಂದೆರಡು ವರ್ಷಗಳಲ್ಲಿ ನಮ್ಮಲ್ಲಿ ಅನೇಕರು ಅದರೊಳಗಿದ್ದರು. ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ಕನ್ನಡ ಪುಸ್ತಕದಂಗಡಿ ಹುಡುಕಿಕೊಂಡು ಹೋಗಬೇಕಾಗಿದ್ದ ಕಾಲ ಅದು. ಕಚೇರಿಯಲ್ಲಿ ಹಿಂದಿ, ಇಂಗ್ಲಿಷು, ನೆರೆಮನೆಯಲ್ಲಿ ಮರಾಠಿ, ಮನೆಯೊಳಗೆ ಮಾತ್ರ ಕನ್ನಡ, ಅದೂ ಅಡುಗೆಮನೆಯ ಮಟ್ಟಿಗೆ. ಅಂಥ ಹೊತ್ತಿನಲ್ಲಿ ಠಾಣೆಯಲ್ಲಿ ಕೂತವನಿಗೆ, ತಾನು ಓದಿದ ಕಾದಂಬರಿಯನ್ನೇ ಓದಿ ಅದೇ ಪಾತ್ರದ ಬಗ್ಗೆ ಜಗಳಕ್ಕೆ ನಿಲ್ಲುವ ಇನ್ನೊಬ್ಬ ಕನ್ನಡಿಗ ಹೈದರಾಬಾದಿನಲ್ಲಿದ್ದಾನೆ ಎಂದು ತಿಳಿಯುವುದು ಸಣ್ಣ ಸಂಗತಿಯಾಗಿರಲಿಲ್ಲ. ರಾತ್ರಿ ಹನ್ನೊಂದರವರೆಗೆ ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ತೆತ್ತು ಆ ಜಗಳ ಆಡಿದ್ದೇವೆ. ಆ ಸುಖ ನಿಜವಾದದ್ದು. ಅದು ಹೋಯಿತೆಂದು ಮರುಗುವವರನ್ನು ನಾನು ಗೇಲಿ ಮಾಡಲಾರೆ.

ಆದರೆ ಆ ಪಂಕ್ತಿಯಲ್ಲಿ ಯಾರು ಯಾರು ಕೂತಿದ್ದರು? ಆರ್ಕುಟ್ಟಿಗೆ ಆರಂಭದಲ್ಲಿ ಆಹ್ವಾನವಿಲ್ಲದೆ ಪ್ರವೇಶವಿರಲಿಲ್ಲ. ಫೇಸ್‌ಬುಕ್ ಅಮೆರಿಕದ ಕಾಲೇಜುಗಳ ಹುಡುಗರಿಗಾಗಿ ಶುರುವಾದದ್ದು. ಇಮೇಲ್ ವಿಳಾಸವಿರುವ ಎಲ್ಲರಿಗೂ ಅದು ಬಾಗಿಲು ತೆರೆದದ್ದು 2006ರ ಸೆಪ್ಟೆಂಬರಿನಲ್ಲಿ. ‘ನನಗೊಂದು ಆಹ್ವಾನ ಕಳಿಸಿ’ ಎಂದು ಕೇಳಿಸಿಕೊಳ್ಳುವ ಗತ್ತನ್ನು ನಾವು ಅನುಭವಿಸಿದ್ದೇವೆ. ಇನ್ನು ಭಾಷೆಯ ವಿಷಯ. ನಮ್ಮ ಆ ಸುಪ್ರಸಿದ್ಧ ಚರ್ಚೆಗಳಲ್ಲಿ ಬಹುಪಾಲು ನಡೆದದ್ದು ಇಂಗ್ಲಿಷಿನಲ್ಲಿ, ಇಲ್ಲವೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದಲ್ಲಿ. ಕೆಫೆಯ ಗಣಕದಲ್ಲಿ ಕನ್ನಡ ಲಿಪಿ ತೆರೆದರೆ ಸಾಲುಸಾಲು ಚೌಕಗಳು ಕಾಣಿಸುತ್ತಿದ್ದವು. ‘ಬರಹ’, ‘ನುಡಿ’ ತಂತ್ರಾಂಶಗಳನ್ನು ಹಾಕಿಕೊಂಡವರು ಕೆಲವರು, ಅವುಗಳಲ್ಲಿ ಬರೆದದ್ದು ಇನ್ನೊಬ್ಬರ ಗಣಕದಲ್ಲಿ ಓದಲು ಬಂದದ್ದು ಇನ್ನೂ ಕೆಲವೇ ಸಲ. ಅಂದರೆ ಆ ಕನ್ನಡದ ಚಿನ್ನದ ಯುಗಕ್ಕೆ ಪ್ರವೇಶ ಪಡೆಯಲು ಇಂಗ್ಲಿಷ್ ಅಕ್ಷರ ಬರಬೇಕಿತ್ತು, ಗಣಕ ಸಿಗಬೇಕಿತ್ತು, ಗಂಟೆಗಟ್ಟಲೆ ಬಿಡುವಿರಬೇಕಿತ್ತು. ನಮ್ಮ ತಾಯಂದಿರು ಅಲ್ಲಿರಲಿಲ್ಲ. ನಾವು ದಿನವೂ ಇಡ್ಲಿ ತಿನ್ನುತ್ತಿದ್ದ ಹೋಟೆಲಿನ ಭಟ್ಟಿಯ ಮುಂದೆ ನಿಂತವನು ಅಲ್ಲಿರಲಿಲ್ಲ. ಊರಿನಲ್ಲಿ ಗದ್ದೆ ನೋಡಿಕೊಂಡಿದ್ದ ಅಣ್ಣ ಅಲ್ಲಿರಲಿಲ್ಲ. ಅವರಿಲ್ಲದ್ದು ಆಗ ನಮಗೆ ಕೊರತೆಯೆಂದು ತೋರಲೂ ಇಲ್ಲ. ನಾವು ‘ಮಟ್ಟ’ ಎಂದು ಕರೆಯುತ್ತಿದ್ದುದರಲ್ಲಿ ಎಷ್ಟು ಪಾಲು ಅವರ ಗೈರುಹಾಜರಿಯಾಗಿತ್ತು ಎಂಬುದನ್ನು ಇಂದಾದರೂ ಕೇಳಿಕೊಳ್ಳಬೇಡವೇ?

ಅವರು ಬಂದದ್ದು ನಿಧಾನವಾಗಿ, ಒಂದೊಂದು ಬಾಗಿಲು ತೆರೆದ ಹಾಗೆ. 2012ರಲ್ಲಿ ಬಂದ ಆಂಡ್ರಾಯ್ಡ್ 4.1 ಆವೃತ್ತಿಯಲ್ಲಿ ಕನ್ನಡ ಲಿಪಿಗೆ ಬೆಂಬಲ ಸೇರಿತು. ಅಗ್ಗದ ಮೊಬೈಲಿನಲ್ಲೂ ಕನ್ನಡ ಕನ್ನಡದ ಹಾಗೆಯೇ ಕಾಣಿಸುವ ದಾರಿ ಸುಗಮವಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಅಂತರ್ಜಾಲದ ಬೆಲೆಯನ್ನು ನೆಲಕ್ಕಿಳಿಸಿತು. 2017ರಲ್ಲಿ ಗೂಗಲ್ ಕನ್ನಡಕ್ಕೂ ಧ್ವನಿಯಿಂದ ಬರೆಯುವ ಸೌಲಭ್ಯ ಕೊಟ್ಟಿತು. ಬೆರಳಚ್ಚು ಬಾರದವರೂ ಮಾತಾಡಿ ಬರೆಯುವಂತಾಯಿತು. ಸಾಹಿತಿಗಳು ಈ ಯಾವುದಕ್ಕೂ ಚಳವಳಿ ಹೂಡಬೇಕಾಗಿ ಬರಲಿಲ್ಲ. ಆದರೆ ಕನ್ನಡ ಜನ ಕನ್ನಡದಲ್ಲಿ ಬರೆಯಬೇಕು ಎಂದು ವೇದಿಕೆಗಳಿಂದ ಕರೆ ಕೊಡುತ್ತಲೇ ಬಂದವರು ಅವರೇ. ಜನ ಬರೆಯತೊಡಗಿದರು. ಆಗ ನಾವು ಮೂಗು ಮುರಿದೆವು.

ಈ ಮೂಗು ಮುರಿಯುವಿಕೆ ನಮ್ಮ ಸ್ವಂತದ್ದೂ ಅಲ್ಲ ಎಂಬುದು ಇನ್ನೊಂದು ತಮಾಷೆ. ಆರ್ಕುಟ್ಟಿಗಿಂತ ಎಷ್ಟೋ ಮೊದಲು, 1980ರ ಆಸುಪಾಸಿನಲ್ಲಿ, ಅಮೆರಿಕದ ವಿಶ್ವವಿದ್ಯಾಲಯಗಳ ಗಣಕಗಳ ನಡುವೆ ಯೂಸ್‌ನೆಟ್ ಎಂಬ ಚರ್ಚಾಜಾಲ ಹುಟ್ಟಿತು. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಕಾಲೇಜು ಸೇರಿದ ಹೊಸ ಹುಡುಗರು ಅಲ್ಲಿಗೆ ನುಗ್ಗಿ ಗದ್ದಲ ಎಬ್ಬಿಸುತ್ತಿದ್ದರು. ಹಳಬರು ಗದರಿಸಿ, ತಿದ್ದಿ, ಅಲ್ಲಿನ ರೀತಿ ರಿವಾಜು ಕಲಿಸುತ್ತಿದ್ದರು. ಒಂದೆರಡು ತಿಂಗಳಲ್ಲಿ ಎಲ್ಲ ತಣ್ಣಗಾಗುತ್ತಿತ್ತು. ಆದರೆ 1993–94ರ ಹೊತ್ತಿಗೆ ಅಮೆರಿಕ ಆನ್‌ಲೈನ್‌ನಂಥ ವಾಣಿಜ್ಯ ಸಂಸ್ಥೆಗಳ ಗ್ರಾಹಕರು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದರು. ಬರುವವರ ಹರಿವು ನಿಲ್ಲಲೇ ಇಲ್ಲ. 1993ರ ಸೆಪ್ಟೆಂಬರ್ ಇನ್ನೂ ಮುಗಿದಿಲ್ಲ ಎಂದು ಹಳಬರು ಕಹಿಯಾಗಿ ಹಾಸ್ಯ ಮಾಡಿದರು. ಆ ಮಾತು ಇಂದಿಗೂ ಬಳಕೆಯಲ್ಲಿದೆ. ನಮ್ಮ ಮಾಟುಂಗಾದ ಮಿತ್ರರು ಆಡಿದ್ದು ಮೂವತ್ತು ವರ್ಷ ಹಳೆಯ ಅಮೆರಿಕನ್ ದೂರಿನ ಕನ್ನಡ ರೂಪ. ನಮ್ಮ ಮುಗಿಯದ ಸೆಪ್ಟೆಂಬರ್ 2016ರಲ್ಲಿ ಬಂತು, ಅಷ್ಟೇ ವ್ಯತ್ಯಾಸ.

ಯೂಸ್‌ನೆಟ್ಟಿನ ಕತೆಯಲ್ಲಿ ಗಮನಿಸಬೇಕಾದ ಒಂದು ಎಳೆಯಿದೆ. 1993ಕ್ಕೆ ಮುಂಚೆ ಹೊಸಬರು ಒಳ್ಳೆಯವರಾಗಿದ್ದರು, ಆಮೇಲೆ ಬಂದವರು ಕೆಟ್ಟವರಾಗಿದ್ದರು ಎಂದೇನೂ ಇಲ್ಲ. ಮುಂಚೆ ಕಲಿಸುವವರ ಸಂಖ್ಯೆಗೂ ಕಲಿಯುವವರ ಸಂಖ್ಯೆಗೂ ಒಂದು ಅಳತೆಯಿತ್ತು, ಆಮೇಲೆ ಆ ಅಳತೆ ತಪ್ಪಿತು. ಕಲಿಸುವವರು ದಣಿದರು. ಈ ದಣಿವನ್ನು ನಾನು ಒಪ್ಪುತ್ತೇನೆ. ಐವತ್ತು ಮಂದಿಯ ಪಂಕ್ತಿಗೆ ಅಡುಗೆ ಮಾಡಿದವನಿಗೆ ಐದು ಸಾವಿರ ಎಲೆ ಹಾಕಿ ಬಡಿಸು ಎಂದರೆ ಅವನೇನು ಮಾಡಿಯಾನು? ಆದರೆ ದಣಿವು ಒಂದು, ತಿರಸ್ಕಾರ ಇನ್ನೊಂದು. ದಣಿದ ಅಡುಗೆಯವನು ಕೈಯಾಳು ಕೇಳುತ್ತಾನೆ. ಉಣ್ಣಲು ಬಂದವರ ಯೋಗ್ಯತೆಯನ್ನು ಪ್ರಶ್ನಿಸುವುದಿಲ್ಲ.

ಹಳಬರು ಕಳೆದುಕೊಂಡದ್ದು ಎರಡು ಬಗೆಯದು, ಅವನ್ನು ಬೇರ್ಪಡಿಸಿ ನೋಡಬೇಕು. ಒಂದು, ಮೊದಲಿಗರೆಂಬ ಹೆಮ್ಮೆ. ಇನ್ನೂರು ಜನರಿದ್ದ ಕಡೆ ನಮ್ಮ ಮಾತಿಗೆ ತೂಕವಿತ್ತು, ಎರಡು ಲಕ್ಷವಾದಾಗ ಹೋಯಿತು. ಇದು ಮನುಷ್ಯಸಹಜ, ಆದರೆ ಇದಕ್ಕೆ ಸಂಸ್ಕೃತಿಯ ಅವನತಿ ಎಂಬ ದೊಡ್ಡ ಹೆಸರು ಕೊಡುವುದು ಬೇಡ. ಎರಡನೆಯದು ನಿಜವಾದ ನಷ್ಟ: ಮಾತಿನ ಸಾವಧಾನ ಹೋಯಿತು, ಭಿನ್ನಾಭಿಪ್ರಾಯ ಬೈಗುಳವಾಯಿತು, ಓದದೆಯೇ ಮೆಚ್ಚುವುದು, ಓದದೆಯೇ ಉರಿದು ಬೀಳುವುದು ಅಭ್ಯಾಸವಾಯಿತು. ಇದನ್ನು ಮಾಡಿದವರು ಯಾರು? ಗುಲಾಬಿ ಹೂವಿನ ಮೇಲೆ ‘ಶುಭೋದಯ’ ಎಂದು ಬರೆದು ಕಳಿಸುವ ಸೋದರತ್ತೆಯೇ?

ದಿನಾಂಕಗಳನ್ನು ನೋಡೋಣ. ಗೆಳೆಯರ ಪುಟಕ್ಕೆ ನಾವೇ ಹೋಗಿ ನೋಡುವ ಬದಲು, ಎಲ್ಲರ ಚಟುವಟಿಕೆಯನ್ನೂ ಒಂದೇ ಕಡೆ ಹರಿಯಬಿಡುವ ‘ನ್ಯೂಸ್ ಫೀಡ್’ ಫೇಸ್‌ಬುಕ್ಕಿನಲ್ಲಿ ಬಂದದ್ದು 2006ರಲ್ಲಿ. ಒಂದು ವಾಕ್ಯದ ಉತ್ತರದ ಬದಲು ಹೆಬ್ಬೆರಳು ತೋರಿಸಿದರೆ ಸಾಕು ಎಂದು ಕಲಿಸಿದ ‘ಲೈಕ್’ ಗುಂಡಿ ಬಂದದ್ದು 2009ರ ಫೆಬ್ರವರಿಯಲ್ಲಿ. ಅದೇ ವರ್ಷ ಟ್ವಿಟರಿನಲ್ಲಿ ಮರುಟ್ವೀಟ್ ಗುಂಡಿ ಬಂತು. ಅದನ್ನು ರೂಪಿಸಿದ ತಂಡದ ಮುಂದಾಳು ಕ್ರಿಸ್ ವೆದರೆಲ್ ಹತ್ತು ವರ್ಷಗಳ ತರುವಾಯ ಅದಕ್ಕಾಗಿ ಬಹಿರಂಗವಾಗಿ ಪರಿತಪಿಸಿದರು. ಬರೆದ ಹೊತ್ತಿನ ಕ್ರಮವನ್ನು ಬಿಟ್ಟು, ಯಾವುದನ್ನು ಮೊದಲು ತೋರಿಸಬೇಕೆಂದು ಯಂತ್ರವೇ ನಿರ್ಧರಿಸುವ ಪದ್ಧತಿಯನ್ನು ಟ್ವಿಟರ್ 2016ರ ಆರಂಭದಲ್ಲಿ ತಂದಿತು. 2021ರಲ್ಲಿ ಬಯಲಾದ ಫೇಸ್‌ಬುಕ್ಕಿನ ಒಳದಾಖಲೆಗಳ ಪ್ರಕಾರ, 2017ರಿಂದ ಆ ಕಂಪನಿ ಕೋಪದ ಮುಖವೂ ಸೇರಿದಂತೆ ಭಾವಚಿಹ್ನೆಗಳಿಗೆ ಲೈಕಿನ ಐದು ಪಟ್ಟು ತೂಕ ಕೊಡುತ್ತಿತ್ತು. ಕೋಪ ಬರಿಸಿದ ಬರಹ ಹೆಚ್ಚು ಜನರ ಕಣ್ಣಿಗೆ ಬೀಳುವಂತೆ ತಕ್ಕಡಿಯನ್ನೇ ವಾಲಿಸಲಾಗಿತ್ತು. ಏಕೆಂದರೆ ಈ ಕಂಪನಿಗಳ ಮುಖ್ಯ ಆದಾಯ ಜಾಹೀರಾತು. ಜನ ಎಷ್ಟು ಹೊತ್ತು ಅಲ್ಲೇ ಇರುತ್ತಾರೋ ಅಷ್ಟು ಜಾಹೀರಾತು, ಮತ್ತು ಸಿಟ್ಟಿಗೆದ್ದವನು ಬೇಗ ಎದ್ದು ಹೋಗುವುದಿಲ್ಲ.

ಈ ಪಟ್ಟಿಯ ಮೊದಲ ಮೂರು ಗುಂಡಿಗಳು ಬಂದಾಗ ಸೋದರತ್ತೆಯ ಕೈಯಲ್ಲಿ ಮೊಬೈಲೇ ಇರಲಿಲ್ಲ. ಅಲ್ಲಿದ್ದವರು ನಾವು. ಮೊದಲ ಲೈಕುಗಳನ್ನು ಎಣಿಸಿಕೊಂಡವರು ನಾವು. ಒಂದು ಚುಟುಕ ಬರೆದು ನಲವತ್ತು ಮಂದಿಯ ಹೆಸರನ್ನು ಅದಕ್ಕೆ ಅಂಟಿಸಿದವರು, ಓದದ ಪುಸ್ತಕದ ಮುಖಪುಟಕ್ಕೆ ‘ಅದ್ಭುತ ಸರ್’ ಎಂದವರು, ಎರಡು ಬಣಗಳ ಸಾಹಿತ್ಯಿಕ ಜಗಳಕ್ಕೆ ಸಂಜೆಯಿಂದ ಬೆಳಗಿನವರೆಗೆ ಸೌದೆ ಒಟ್ಟಿದವರು ನಾವೇ. ಯಂತ್ರ ನಮ್ಮ ಮೇಲೆ ಅಭ್ಯಾಸ ಮಾಡಿ ಕಲಿತದ್ದನ್ನು ಆಮೇಲೆ ಜನಕೋಟಿಯ ಮೇಲೆ ಪ್ರಯೋಗಿಸಿತು. ಹೊಸಬರು ಬಂದಾಗ ಕಂಡದ್ದು ನಾವು ಬಿಟ್ಟ ಮಾದರಿಯನ್ನು. ಅವರು ಅದನ್ನೇ ಕಲಿತರು.

ಇಲ್ಲಿ ನಮ್ಮದೇ ನುಡಿಯ ಇತಿಹಾಸದ ಕಡೆಗೆ ಒಮ್ಮೆ ತಿರುಗಿ ನೋಡುವುದು ಉಪಯುಕ್ತ. ಮರಾಠಿಯ ಪ್ರಭಾವ ದಟ್ಟವಾಗಿದ್ದ ಮುಂಬಯಿ ಕರ್ನಾಟಕದಲ್ಲಿ, ಕನ್ನಡದಲ್ಲಿ ಓದುವವರೇ ವಿರಳವಾಗಿದ್ದ ದಿನಗಳಲ್ಲಿ, ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಕೊಳ್ಳುವವನ ಸಾಹಿತ್ಯಾಭಿರುಚಿಯ ಪರೀಕ್ಷೆ ಮಾಡಿ ಅವರು ಪುಸ್ತಕ ಕೊಡಲಿಲ್ಲ. ಹೊಸದಾಗಿ ಅಕ್ಷರ ಕೂಡಿಸಿ ಓದುವವನೂ ಅವರಿಗೆ ಬೇಕಾಗಿದ್ದ. ಓದುಗರಿಲ್ಲವೆಂದು ಅವರು ಹೆಗಲು ನೋಯಿಸಿಕೊಂಡರು. ಓದುಗರು ಹೆಚ್ಚಾದರೆಂದು ನಾವು ಮನಸ್ಸು ನೋಯಿಸಿಕೊಳ್ಳುತ್ತಿದ್ದೇವೆ.

ಅಷ್ಟು ಹಿಂದಕ್ಕೆ ಹೋಗುವುದು ಬೇಡವೆಂದರೆ ಈ ಮುಂಬಯಿಯ ಕನ್ನಡ ರಾತ್ರಿಶಾಲೆಗಳನ್ನು ನೆನೆಯಿರಿ. ಕರಾವಳಿಯಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರೆಸಿ, ರಾತ್ರಿ ಪಾಟಿಚೀಲ ಹಿಡಿದು ಬರುತ್ತಿದ್ದರು. ಕಲಿಸುವವರು ತಾವೂ ಹಗಲು ದುಡಿದು ದಣಿದು ಬಂದವರು. ಹುಡುಗರು ತೂಕಡಿಸುತ್ತಿದ್ದರು, ತಪ್ಪು ಬರೆಯುತ್ತಿದ್ದರು, ಗದ್ದಲ ಮಾಡುತ್ತಿದ್ದರು. ತರಗತಿ ಸಂತೆಯಾಯಿತೆಂದು ಆ ಮಾಸ್ತರರು ಎದ್ದು ಹೋಗಿದ್ದರೆ ಇಂದು ಈ ನಗರದ ಕನ್ನಡ ಸಂಘಗಳ ವೇದಿಕೆಗಳಲ್ಲಿ ಅರ್ಧದಷ್ಟು ಕುರ್ಚಿಗಳು ಖಾಲಿ ಇರುತ್ತಿದ್ದವು. ನಾವು ಆ ಮಾಸ್ತರರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಅವರು ಮಾಡಿದ ಕೆಲಸ ನಮ್ಮ ಪಾಲಿಗೆ ಬಂದಾಗ ‘ಮಟ್ಟ ಕುಸಿಯಿತು’ ಎನ್ನುತ್ತೇವೆ.

ನವೆಂಬರ್ ಬಂದರೆ ನಮ್ಮ ಭಾಷಣಗಳಲ್ಲಿ ಕವಿರಾಜಮಾರ್ಗ ತಪ್ಪದು. ಶಾಸ್ತ್ರ ಓದದೆಯೂ ಕಾವ್ಯದ ಬಳಕೆ ಬಲ್ಲವರು ಈ ನಾಡಿನ ಜನ ಎಂದು ಒಂಬತ್ತನೆಯ ಶತಮಾನದ ಆ ಗ್ರಂಥ ಹೊಗಳಿದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಡಿಸೆಂಬರಿನಲ್ಲಿ, ಶಾಸ್ತ್ರ ಓದದ ಒಬ್ಬಾಕೆ ತನ್ನ ಮೊಬೈಲಿನಲ್ಲಿ ನಾಲ್ಕು ಸಾಲು ಬರೆದರೆ ಕಾಗುಣಿತದ ತಪ್ಪು ತೋರಿಸಿ ನಗುತ್ತೇವೆ. ಇನ್ನು ‘ಸಂತೆ’ ಎಂಬ ಮಾತು. ಅದನ್ನು ಕೇಳಿದೊಡನೆ ಅಕ್ಕಮಹಾದೇವಿಯ ವಚನ ನೆನಪಾಗದ ಕನ್ನಡಿಗರು ವಿರಳ, ಉದ್ಧರಿಸುವ ಅಗತ್ಯವಿಲ್ಲ. ಸಂತೆಯನ್ನು ದೂರುವವರಿಗೆ ಆಕೆ ಆಗಲೇ ಉತ್ತರ ಕೊಟ್ಟಿದ್ದಾಳೆ.

ಎದುರುವಾದ ನನಗೆ ಗೊತ್ತಿದೆ, ಅದು ಹಗುರವಾದದ್ದೂ ಅಲ್ಲ. ‘ಗುಲಾಬಿ ಹೂವಿನ ವಿಷಯ ಬಿಡಿ, ದ್ವೇಷದ ವಿಷಯ ಹೇಳಿ’ ಎನ್ನುತ್ತಾರೆ ಮಿತ್ರರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂಬ ಸುಳ್ಳು ಸುದ್ದಿಗೆ ಗುಂಪೊಂದು ಬಲಿ ತೆಗೆದುಕೊಂಡಿತು. ಸುದ್ದಿ ಹಬ್ಬಿದ್ದು ವಾಟ್ಸಾಪಿನಲ್ಲಿ. ಅದೇ ತಿಂಗಳು ಆ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿ ಹಾಕಬೇಕಾಯಿತು. ಎಲ್ಲರ ಕೈಗೂ ಅಂತರ್ಜಾಲ ಸಿಕ್ಕಿದ್ದರ ಫಲ ಇದೇ ಅಲ್ಲವೇ, ಇಂಥ ಕಡೆ ನಾವು ಏಕಿರಬೇಕು ಎಂಬುದು ಅವರ ಪ್ರಶ್ನೆ.

ನನ್ನ ಮರುಪ್ರಶ್ನೆ ಇದು: ಸುಳ್ಳು ಸುದ್ದಿ ಒಂದು ಗುಂಪಿಗೆ ಬಂದು ಬಿದ್ದ ಕ್ಷಣದಲ್ಲಿ, ‘ಇದು ಸುಳ್ಳು, ವಿಡಿಯೋ ಎಲ್ಲಿಯದು ಎಂದು ನಾನು ಹುಡುಕಿದ್ದೇನೆ, ದಾಟಿಸಬೇಡಿ’ ಎನ್ನಬಲ್ಲವರು ಯಾರಿದ್ದರು? ಅಂತರ್ಜಾಲವನ್ನು ಮೊದಲು ಕಲಿತವರಿಗೆ ಆ ಹುಡುಕುವ ವಿದ್ಯೆ ಗೊತ್ತಿತ್ತು. ಆ ವೇಳೆಗೆ ಅವರಲ್ಲಿ ಅನೇಕರು ಗದ್ದಲವೆಂದು ಗುಂಪಿನಿಂದ ಹೊರಬಿದ್ದಿದ್ದರು, ಇಲ್ಲವೇ ಸದ್ದಡಗಿಸಿ ಪಕ್ಕಕ್ಕಿಟ್ಟಿದ್ದರು. ಒಬ್ಬರ ಮಾತು ಎಲ್ಲ ಗುಂಪುಗಳಲ್ಲೂ ಕೊಲೆ ತಡೆಯುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೆ ಮಾತಾಡುವವರೇ ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ನನ್ನ ಮನೆಯಲ್ಲೇ ಕಂಡಿದ್ದೇನೆ.

ಔಷಧ ತಯಾರಿಕೆಯ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ದುಡಿದವನು ನಾನು. ಕುಂದಾಪುರದ ಕಡೆಯ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಐವತ್ತನಾಲ್ಕು ಜನರಿದ್ದೆವು. ದೇವರ ಚಿತ್ರ, ಶುಭೋದಯ, ಯಾರದೋ ಉಪದೇಶ, ಇವುಗಳಿಂದ ಬೇಸತ್ತು 2019ರಲ್ಲಿ ನಾನು ಹೊರಬಂದೆ. ಹೊರಬಂದದ್ದನ್ನು ಇಲ್ಲಿ ಮಿತ್ರರ ಮುಂದೆ ನಗುತ್ತ ಹೇಳಿಕೊಂಡೂ ಆಯಿತು. ಅದರ ಮರುವರ್ಷ ಆ ಗುಂಪಿಗೆ ಒಂದು ಸಂದೇಶ ಬಂತು: ಯಾವುದೋ ಎಲೆಯ ಕಷಾಯ ಇಪ್ಪತ್ತೊಂದು ದಿನ ಕುಡಿದರೆ ಸಕ್ಕರೆ ಕಾಯಿಲೆ ಬೇರುಸಹಿತ ಹೋಗುತ್ತದೆ, ಮಾತ್ರೆ ಬೇಡ. ಕೆಳಗೆ ಆರು ಜನ ಕೈಮುಗಿದಿದ್ದರು. ಯಾರೊಬ್ಬರೂ ಎದುರಾಡಿರಲಿಲ್ಲ. ನನ್ನ ಚಿಕ್ಕಮ್ಮ ಮಾತ್ರೆ ನಿಲ್ಲಿಸಿದಳು. ನಾಲ್ಕು ತಿಂಗಳ ಮೇಲೆ ಕಾಲಿನ ಹುಣ್ಣು ಬಲಿತು ಆಸ್ಪತ್ರೆ ಸೇರಿದಳು. ಒಂದು ಬೆರಳನ್ನು ತೆಗೆಯಬೇಕಾಯಿತು.

ನೋಡಲು ಹೋದಾಗ ನಾನು ಸ್ವಲ್ಪ ಗಡುಸಾಗಿಯೇ ಕೇಳಿದೆ, ಅದನ್ನೆಲ್ಲ ನಂಬಿದ್ದೇಕೆ ಎಂದು. ಚಿಕ್ಕಮ್ಮ ಜಗಳಕ್ಕೆ ಬರಲಿಲ್ಲ. “ನೀನು ಗುಂಪಲ್ಲಿ ಇರ್ಲಿಲ್ಲ ಅಲ್ವಾ ಮಗಾ, ಯಾರತ್ರ ಕೇಳೂದು?” ಎಂದಳು.

ಅಂದು ಅವಳ ಮೊಬೈಲನ್ನು ಕೈಗೆ ತೆಗೆದುಕೊಂಡು, ನಾನಿಲ್ಲದ ಆ ಒಂದೂವರೆ ವರ್ಷದ ಮಾತುಗಳನ್ನು ಹಿಂದಕ್ಕೆ ಸರಿಸುತ್ತ ಓದಿದೆ. ಹೂವು, ದೇವರು, ಉಪದೇಶ ಎಲ್ಲ ಇದ್ದವು. ಅವುಗಳ ನಡುನಡುವೆ ಏಳನೆಯ ತರಗತಿಗೆ ಶಾಲೆ ಬಿಟ್ಟ ನನ್ನ ಚಿಕ್ಕಮ್ಮ, ಮೊಬೈಲಿಗೆ ಮಾತಾಡಿ ಬರೆಸಿ, ಬೆರಳಿನಿಂದ ತಿದ್ದಿ, ಹಾಕಿದ ಬರಹಗಳಿದ್ದವು. ನನ್ನ ಅಜ್ಜಿ ನಾಟಿಯ ದಿನ ಹೆಣ್ಣಾಳುಗಳಿಗೆ ಏನು ಬಡಿಸುತ್ತಿದ್ದಳು, ಗೇಣಿಯ ಅಕ್ಕಿ ಅಳೆಯುವ ದಿನ ಮನೆಯಲ್ಲಿ ಯಾರು ಮಾತಾಡುತ್ತಿರಲಿಲ್ಲ, ಮುಂಬಯಿಗೆ ಓಡಿಹೋದ ತಮ್ಮನ ಮೊದಲ ಮನಿಆರ್ಡರ್ ಬಂದಾಗ ಅಂಚೆಯವನಿಗೆ ಏನು ಕೊಟ್ಟರು. ಆ ಓಡಿಹೋದ ತಮ್ಮನೇ ನನ್ನನ್ನು ಈ ಊರಿಗೆ ಕರೆತಂದ ಮಾವ. ಮುಂಬಯಿ ಕನ್ನಡಿಗರ ವಲಸೆಯ ಬಗ್ಗೆ ವಿಚಾರ ಸಂಕಿರಣಗಳಲ್ಲಿ ಪ್ರಬಂಧ ಓದಿದ್ದೇನೆ. ಈ ವಿವರ ನನಗೆ ಗೊತ್ತಿರಲಿಲ್ಲ. ಅದು ಬರೆಯಲ್ಪಟ್ಟ ದಿನ ನಾನು ಅಲ್ಲಿರಲಿಲ್ಲ. ‘ಬರೀ ಸಂತೆ’ ಎಂದು ಎದ್ದು ಬಂದಿದ್ದೆ.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬೆದರಿಕೆ, ಅಶ್ಲೀಲ ಬೈಗುಳ, ಹಿಂಬಾಲಿಸಿ ಕಾಡುವುದು, ಇವುಗಳಿಂದ ಬೇಸತ್ತು ಹೊರಬಂದವರಿಗೆ, ಅದರಲ್ಲೂ ಬರೆಯುವ ಹೆಣ್ಣುಮಕ್ಕಳಿಗೆ, ಈ ಬರಹ ಅನ್ವಯಿಸುವುದಿಲ್ಲ. ಅವರು ಎದ್ದು ಹೋಗಲಿಲ್ಲ, ಅಟ್ಟಲ್ಪಟ್ಟರು. ಅವರನ್ನು ಅಟ್ಟುವಾಗ ಸುಮ್ಮನೆ ಕೂತಿದ್ದ ನಮ್ಮ ಲೆಕ್ಕ ಬೇರೆಯೇ ಇದೆ. ಕಣ್ಣು, ನಿದ್ದೆ, ಮನಸ್ಸಿನ ನೆಮ್ಮದಿಗಾಗಿ ದೂರ ಉಳಿಯುವವರ ಮೇಲೂ ನನ್ನ ಆಕ್ಷೇಪವಿಲ್ಲ. ಕಂಪನಿಗಳ ಸಂಚನ್ನು ವಿರೋಧಿಸಿ, ಹಾಗೆಂದೇ ಹೇಳಿ ಬಿಟ್ಟವರಿಗೆ ನನ್ನ ನಮಸ್ಕಾರ. ನನ್ನ ಜಗಳ ಇರುವುದು, ಕಂಪನಿಯ ಹೆಸರೆತ್ತದೆ ಜನರ ಹೆಸರು ಹೇಳಿ ಬಿಟ್ಟವರೊಡನೆ. ‘ಎಲ್ಲರೂ ಬಂದರು, ಹಾಗಾಗಿ ಹೊಲಸಾಯಿತು’ ಎಂಬ ವಾಕ್ಯದಲ್ಲಿ ನಮ್ಮ ಸಮಾಜದ ಬಾವಿಕಟ್ಟೆಗಳ, ದೇಗುಲದ ಹೊಸ್ತಿಲುಗಳ ಹಳೆಯ ಧ್ವನಿ ಕೇಳಿಸುತ್ತದೆ. ಅದನ್ನು ನಾವು ಕೇಳಿಸಿಕೊಳ್ಳಬೇಕು.

ಹಾಗಾದರೆ ಮಾಡಬೇಕಾದದ್ದೇನು? ಎಲ್ಲ ಕಡೆ ಎಲ್ಲ ಹೊತ್ತೂ ಇರಬೇಕೆಂದು ನಾನು ಹೇಳುವುದಿಲ್ಲ. ಅದು ಕಂಪನಿಗಳ ಆಸೆ, ಅದನ್ನು ನಾವೇಕೆ ಪೂರೈಸಬೇಕು? ಒಂದು ಗುಂಪು ಸಾಕು. ಮನೆಯವರದೋ, ಊರವರದೋ, ಸಂಘದ್ದೋ ಒಂದನ್ನು ಆರಿಸಿಕೊಂಡು ಅಲ್ಲಿ ಉಳಿಯಿರಿ. ಸುಳ್ಳು ಬಂದಾಗ ಸುಳ್ಳೆನ್ನಿ, ಅದನ್ನು ಕಳಿಸಿದವರ ಮುಖಕ್ಕೆ ಹೊಡೆದಂತಲ್ಲ, ಅವರಿಗೆ ಮರ್ಯಾದೆ ಉಳಿಯುವಂತೆ. ಮೊದಲ ಸಲ ಕನ್ನಡದಲ್ಲಿ ಬರೆದವರಿಗೆ ಹೆಬ್ಬೆರಳಿನ ಬದಲು ಒಂದು ವಾಕ್ಯದ ಉತ್ತರ ಕೊಡಿ. ಕೋಪ ಬರಿಸಿದ್ದನ್ನು ದಾಟಿಸುವ ಮೊದಲು ಒಂದು ರಾತ್ರಿ ಕಾಯಿರಿ. ಯಂತ್ರ ಬಯಸುವುದು ನಮ್ಮ ಅವಸರವನ್ನು, ಅದನ್ನಾದರೂ ಕೊಡದಿರಬಹುದು.

ಮತ್ತು, ಉಳಿಯಬೇಕಾದದ್ದನ್ನು ಹೊರಗೆ ತೆಗೆದಿಡಿ. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿತು. ತಮ್ಮ ಪುಟಗಳನ್ನು ಇಳಿಸಿಟ್ಟುಕೊಳ್ಳದವರ ಆ ಹತ್ತು ವರ್ಷದ ಜಗಳ, ಸ್ನೇಹ, ಕವಿತೆ ಎಲ್ಲ ಅದರೊಂದಿಗೆ ಹೋಯಿತು. ನಾವು ಇಂದು ಕೊಂಡಾಡುವ ಆ ಚರ್ಚೆಗಳ ಒಂದು ಪುಟವನ್ನಾದರೂ ನಮ್ಮಲ್ಲಿ ಎಷ್ಟು ಮಂದಿ ತೋರಿಸಬಲ್ಲೆವು? ಈ ಬಾಡಿಗೆ ಮನೆಗಳೂ ಒಂದು ದಿನ ಮುಚ್ಚುತ್ತವೆ. ಅಷ್ಟರೊಳಗೆ ಅಲ್ಲಿ ಬೀಳುತ್ತಿರುವ ಬರಹವನ್ನು, ಅಜ್ಜಿಯ ಅಡುಗೆಯಿಂದ ಹಿಡಿದು ವಲಸೆಯ ನೆನಪಿನವರೆಗೆ, ಹೆಕ್ಕಿ, ಬರೆದವರ ಒಪ್ಪಿಗೆ ಪಡೆದು, ತಿದ್ದಿ, ಕಾಗದಕ್ಕೆ ತರುವ ಕೆಲಸ ಹೊರನಾಡ ಸಂಘಗಳದ್ದು. ಸ್ಮರಣಸಂಚಿಕೆಗಳಿಗೆ ಪ್ರತಿ ವರ್ಷ ಲೇಖನ ಸಾಲದೆಂದು ಸಂಪಾದಕರು ಪರದಾಡುತ್ತಾರೆ. ಲೇಖನಗಳು ಅವರ ಜೇಬಿನಲ್ಲೇ ಇವೆ.

ನಾನು ಕುಟುಂಬದ ಗುಂಪಿಗೆ ಮರಳಿ ಸೇರಿದ್ದೇನೆ. ಶುಭೋದಯಗಳು ಕಡಿಮೆಯಾಗಿಲ್ಲ. ಔಷಧದ ವಿಷಯ ಏನೇ ಬಂದರೂ ಈಗ ಯಾರಾದರೊಬ್ಬರು ನನ್ನ ಹೆಸರು ಹಿಡಿದು ಕರೆಯುತ್ತಾರೆ. ನಾನು ಕೊಟ್ಟ ಉತ್ತರವನ್ನು ಎಲ್ಲರೂ ನಂಬುತ್ತಾರೆಂದಲ್ಲ. ಇಬ್ಬರು ದಾಯಾದಿಗಳು ನನ್ನೊಡನೆ ಮಾತು ಬಿಟ್ಟಿದ್ದಾರೆ. ಚಿಕ್ಕಮ್ಮ ಮಾತ್ರೆ ನುಂಗುತ್ತಿದ್ದಾಳೆ. ಈಗ ಬೆರಳಿನಿಂದಲೇ ಬರೆಯಲು ಹೊರಟಿರುವ ಆಕೆ ‘ಅಮ್ಮ’ ಎಂಬುದನ್ನು ‘ಅಮಮ’ ಎಂದು ಬರೆದು, ಒತ್ತಕ್ಷರದ ಗುಂಡಿ ಎಲ್ಲಿದೆ ಎಂದು ಮೊನ್ನೆ ಕೇಳಿದ್ದಾಳೆ. ಬಿಡಿಸಿ ಬರೆದು ಕಳಿಸಬೇಕು.

ಮಾಟುಂಗಾದ ಹಿರಿಯ ಮಿತ್ರರು ಈ ಬರಹವನ್ನು ಓದಿ ಬೈಯಲಿ ಎಂಬುದು ನನ್ನ ಆಸೆ. ಅವರ ಬೈಗುಳದಲ್ಲಿ ತರ್ಕವಿರುತ್ತದೆ, ನಾನು ಬಹಳ ಕಲಿತಿದ್ದೇನೆ. ಆದರೆ ಅವರು ಈಗ ಯಾವ ಗುಂಪಿನಲ್ಲೂ ಇಲ್ಲ. ಮುಂದಿನ ಸಭೆಗೆ ಒಂದು ಪ್ರತಿ ಮುದ್ರಿಸಿಕೊಂಡು ಹೋಗಿ ಕೈಗೆ ಕೊಡಬೇಕು.